ಯಾವ ದಂಡೆಯ ಬಿಲ್ಲೆ?

ರೋಟವೇಟರಿನ ಬ್ಲೇಡೊಂದು ಕಳಚಿ ಗದ್ದೆಯಲ್ಲಿ ಬಿದ್ದಿತ್ತು. ನಾಟಿಗೆ ಬರಿಗಾಲಲ್ಲಿ ಇಳಿಯುವ ಹೆಣ್ಣುಮಕ್ಕಳಿಗೆ ಚುಚ್ಚಿದರೆ ಗತಿಯೇನೆಂದು ಅಣ್ಣನ ಮಗ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ. ದಢೇಸುಗೂರಿನ ಎರೆಮಣ್ಣಿನಲ್ಲಿ ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೋಲು ಬೀಸುತ್ತ ಹೊರಟರೆ ಬದುವಿನ ಮೇಲೆ ನಿಂತವರದೆಲ್ಲ ಒಂದೇ ಮಾತು: “ಬಂಗಾರ ಸಿಕ್ತೇನಪಾ?” ಹಟ್ಟಿ ಗಣಿಯ ಸೀಮೆಯವರು ಮತ್ತೇನು ಕೇಳಿಯಾರು!

ಸಿಕ್ಕಿದ್ದು ಎತ್ತಿನ ಲಾಳ, ಔಷಧ ಡಬ್ಬಿಯ ಮುಚ್ಚಳ, ಮಾತ್ರೆಯ ಖಾಲಿ ಚೀಟಿ. ಆ ಯಂತ್ರಕ್ಕೆ ಮೇಲುಕೀಳು ತಿಳಿಯದು. ಕರೆಂಟು ಹರಿಯುವಂಥದ್ದು ಯಾವುದಿದ್ದರೂ ಕೂಗುತ್ತದೆ. ಮೂರನೇ ದಿನ, ಹೊಳೆ ಕಡೆಯ ಮೂಲೆಯಲ್ಲಿ ಗೇಣು ಆಳದಿಂದ ಎಂಟಾಣೆಯಷ್ಟಗಲದ ಒಂದು ಹಿತ್ತಾಳೆ ಬಿಲ್ಲೆ ಎದ್ದಿತು. ಹಿಂದುಗಡೆ ಮುರಿದ ಪಿನ್ನಿನ ಬುಡ. ಅಂದರೆ ನಾಣ್ಯವಲ್ಲ, ಅಂಗಿಗೆ ಚುಚ್ಚಿಕೊಳ್ಳುವ ಬ್ಯಾಡ್ಜು.

ನಾನು ಭೂತಗನ್ನಡಿ ಹುಡುಕಿ ತರುವುದರೊಳಗೆ ನಮ್ಮ ಸೋದರತ್ತೆ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಆಗಿತ್ತು. ಹಿತ್ತಾಳೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಎಂಬತ್ತು ವರ್ಷದ ಬಣ್ಣದಲ್ಲಿ ಅರ್ಧ ಬಚ್ಚಲಿಗೆ ಹೋಯಿತು.

ನನ್ನ ಮೊದಲ ಊಹೆ, ಅದು ನಮ್ಮ ಸೀಮೆಯನ್ನಾಳಿದ ನಿಜಾಮನ ಬೆಳ್ಳಿಹಬ್ಬದ್ದು. ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದದ್ದು 1911ರಲ್ಲಿ; ಇಪ್ಪತ್ತೈದು ವರ್ಷದ ಸಂಭ್ರಮ ನಡೆದದ್ದು 1937ರ ಫೆಬ್ರವರಿಯಲ್ಲಿ. ಆದರೆ ಬಿಲ್ಲೆಯ ಮೇಲೆ ಉರ್ದುವಿನ ಒಂದು ಗೀಟೂ ಇಲ್ಲ. ಹಾಗಾದರೆ ಹೊಳೆಯ ಆಚೆ ದಂಡೆಯ, ಬ್ರಿಟಿಷ್ ಸೀಮೆಯ 1935ರ ಐದನೇ ಜಾರ್ಜ್ ಬೆಳ್ಳಿಹಬ್ಬದ್ದೇ? ರಾಜನ ತಲೆಯೂ ಇಲ್ಲ, ರಾಣಿಯದೂ ಇಲ್ಲ. ಉಳಿದ ಎನಾಮೆಲ್ಲನ್ನು ಬಿಸಿಲಿಗೆ ಓರೆ ಹಿಡಿದಾಗ ಮೂರು ಪಟ್ಟಿ ಕಂಡವು. ನಡುವಿನದರಲ್ಲಿ ಕೂದಲೆಳೆಯಂಥ ಅರೆಗಳ ಒಂದು ಗಾಲಿ.

ಇಲ್ಲಿ ಕಣ್ಣು ಚುರುಕಿರಬೇಕು. ಗಾಲಿಯ ಪಕ್ಕ ಕದಿರು, ಹಿಡಿಕೆ ಇದ್ದರೆ ಅದು ಚರಕ, ಕಾಂಗ್ರೆಸ್ಸಿನ ಬಾವುಟ. ಬರೀ ಗಾಲಿ ಇದ್ದರೆ ಅಶೋಕನ ಚಕ್ರ. ಸಂವಿಧಾನ ಸಭೆ ಅದನ್ನು ಒಪ್ಪಿದ್ದು 1947ರ ಜುಲೈ 22ರಂದು, ಅದಕ್ಕಿಂತ ಹಿಂದಿನ ಬಿಲ್ಲೆಯಲ್ಲಿ ಅದು ಬರುವ ಮಾತೇ ಇಲ್ಲ. ನಮ್ಮದು ಬರೀ ಗಾಲಿ. ಅಂಚಿನಲ್ಲಿ 15, ಸವೆದ ಒಂದು 8, ಮತ್ತೆ 47.

(ಅಶೋಕ ನಮಗೆ ದೂರದವನಲ್ಲ. ಸಿಂಧನೂರು ದಾಟಿದರೆ ಮಸ್ಕಿ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಬಂಗಾರ ಹುಡುಕುತ್ತ ಬಂದು ಅಲ್ಲಿಯ ಬಂಡೆಯ ಮೇಲೆ ಶಾಸನ ಕಂಡ. ಅದುವರೆಗೆ ಸಿಕ್ಕವುಗಳಲ್ಲೆಲ್ಲ ಬರೀ ‘ದೇವಾನಾಂಪ್ರಿಯ’ದಂಥ ಬಿರುದು. ಅಶೋಕನ ಹೆಸರು ಓದಿಗೆ ಸಿಕ್ಕಿದ್ದು ಇಲ್ಲಿ. ಆ ಗುಡ್ಡದ ಕಡೆ ಕೋಲು ಹಿಡಿದು ಹೋಗಬ್ಯಾಡ, ಅದು ರಕ್ಷಿತ ಜಾಗ ಎಂದು ಹುಡುಗನಿಗೆ ತಾಕೀತು ಮಾಡಿದ್ದೇನೆ.)

ತೊಡಕು ಬೇರೆಯೇ ಇತ್ತು. 1947ರ ಆಗಸ್ಟ್ 15ರಂದು ದಢೇಸುಗೂರಿಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ. ತುಂಗಭದ್ರೆಯ ಈಚೆ ನಿಜಾಮನ ರಾಜ್ಯ, ಆಚೆ ಸಿರುಗುಪ್ಪ, ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಇಲ್ಲಿ ನಿಜಾಮನ ಹಾಲಿ ಸಿಕ್ಕಾ ರೂಪಾಯಿ, ಅಲ್ಲಿ ಬ್ರಿಟಿಷರ ಕಲ್ದಾರ. ನೂರು ಕಲ್ದಾರಕ್ಕೆ ನೂರಾ ಹದಿನಾರು ಚಿಲ್ಲರೆ ಹಾಲಿ ಎಣಿಸಬೇಕಿತ್ತು. ನಡುವೆ ಕರೋಡಗಿರಿ, ಅಂದರೆ ಸುಂಕದವರ ಕಾಟ. ಆಚೆ ಶಾಲೆ ಮಕ್ಕಳು ಎದೆಗೆ ಚುಚ್ಚಿಕೊಂಡು ಮೆರೆದ ಬಾವುಟವನ್ನು ಈಚೆ ತಂದರೆ ನಿಜಾಮನ ಪರದ ರಜಾಕಾರರ ಕಣ್ಣಿಗೆ ಬೀಳುವ ಭಯ. ಭಾರತದ ಸೈನ್ಯ ಬಂದು ನಿಜಾಮ ಶರಣಾದದ್ದು 1948ರ ಸೆಪ್ಟೆಂಬರ್ 17ರಂದು. ಅಲ್ಲಿವರೆಗೆ ಹದಿಮೂರು ತಿಂಗಳು ಇದು ಅಂಗಿಯ ಒಳಗೇ ಇರಬೇಕಾದ ಬಿಲ್ಲೆ.

ಅತ್ತೆ ಸಿರುಗುಪ್ಪದ ಮಗಳು. ಆಗ ಎಂಟು ವರ್ಷದ ಹುಡುಗಿ. ಬಿಲ್ಲೆ ತೋರಿಸಿ “ನಿಮ್ಮದೇನು?” ಎಂದೆ.

“ಕೊಟ್ಟಿದ್ರಪಾ ಸಾಲ್ಯಾಗ, ಮಿಠಾಯಿ ಜೋಡಿ. ಆದ್ರ ಇದು ನಂದಲ್ಲ. ನಂದು ನಮ್ಮ ತಮ್ಮ ಹೊಳ್ಯಾಗ ಒಗದಾ.” ಆ ತಮ್ಮನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಸಿರುಗುಪ್ಪದ ಮಣ್ಣಿನಲ್ಲಿ ಸಿಕ್ಕಿದ್ದರೆ ಇದು ಹುಡುಗರು ಕಳೆದುಕೊಂಡ ಸಾಮಾನು. ಈ ದಂಡೆಯಲ್ಲಿ ಸಿಕ್ಕಿತೆಂದರೆ ಯಾರೋ ಹರಿಗೋಲಿನಲ್ಲಿ ಮುಚ್ಚಿಟ್ಟು ತಂದಿರಬೇಕು. ಅದಕ್ಕೇ ಕೇಳಿಕೊಳ್ಳುತ್ತೇನೆ: ನಿಮ್ಮ ಹೊಲದಲ್ಲಿ ಇಂಥದ್ದು ಎದ್ದರೆ ಹುಣಸೆಹಣ್ಣು ಹಚ್ಚಬೇಡಿ, ನೀರಲ್ಲಿ ನೆನೆಸಿ ಮಣ್ಣು ಬಿಡಿಸಿದರೆ ಸಾಕು. ಎದ್ದ ಜಾಗದ ಸರ್ವೆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.