ಕೆಳಗಿನ ಫ್ರೀಝರ್

ಬಕ್ರೀದ್ ಮುಗಿದ ನಾಲ್ಕನೆಯ ದಿನ ಆರ್.ಟಿ. ನಗರದ ನಮ್ಮ ಮನೆಯಲ್ಲಿ ಹಾಲು ಒಡೆಯಿತು. ಫ್ರಿಜ್ಜಿನ ಮೇಲಿನ ಭಾಗ ಬೆಚ್ಚಗಿತ್ತು. ಕೆಳಗಿನ ಫ್ರೀಝರಿನಲ್ಲಿ ಮಾತ್ರ ಕುರ್ಬಾನಿಯ ಮಾಂಸ ಕಲ್ಲಿನಂತಿತ್ತು. ಬಂದ ಮೆಕ್ಯಾನಿಕ್ "ಗ್ಯಾಸ್ ಹೋಗಿದೆ" ಎಂದ. ಗ್ಯಾಸ್ ಹೋಗಿದ್ದರೆ ಮಾಂಸ ಕಲ್ಲಾಗಿರುವುದು ಹೇಗೆ?

ಇಂಥ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಕೆಳಗೆ, ಫ್ರೀಝರಿನ ಹಿಂಗೋಡೆಯೊಳಗಿನ ಕೊಳವೆ ಸುರುಳಿಯಲ್ಲಿ. ತಣ್ಣನೆಯ ಗಾಳಿ ತಾನಾಗಿ ಇಳಿಯುತ್ತದೆ, ಏರುವುದಿಲ್ಲ. ಪುಟ್ಟ ಫ್ಯಾನೊಂದು ಅದನ್ನು ಮೇಲಕ್ಕೆ ದೂಡಬೇಕು. ಸುರುಳಿಗೆ ಹಿಮ ಕಟ್ಟಿದರೆ, ಗಾಳಿಕಿಂಡಿಗೆ ಪೊಟ್ಟಣ ಒತ್ತಿದರೆ, ಮೇಲಿನವರಿಗೆ ಏನೂ ತಲುಪದು.

ಹಿಮವನ್ನು ಚಾಕುವಿನಿಂದ ಕೆರೆಯಬಾರದು. ಸುರುಳಿ ತೂತಾದರೆ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ಪ್ಲಗ್ ಕಿತ್ತು ಬಾಗಿಲು ತೆರೆದು ಒಂದಿಡೀ ದಿನ ಬಿಡಬೇಕು. ಹಾಗಾದರೆ ಮಾಂಸ?

ಬಡವರ ಪಾಲು, ಬಂಧುಗಳ ಪಾಲು ಹಬ್ಬದ ದಿನವೇ ಹೋಗಿದ್ದವು. ಇದು ನಮ್ಮ ಪಾಲು. ಫ್ರಿಜ್ ಇಲ್ಲದ ಕಾಲದಲ್ಲಿ ಈ ಪಾಲೂ ಬಹುಮಟ್ಟಿಗೆ ಸಂಜೆಯೊಳಗೆ ಹೊಸ್ತಿಲು ದಾಟುತ್ತಿತ್ತು; ಮಿಕ್ಕದ್ದು ಉಪ್ಪು, ಅರಿಶಿನ ಹಚ್ಚಿಸಿಕೊಂಡು ಹಗ್ಗದ ಮೇಲೆ ಒಣಗುತ್ತಿತ್ತು. ಹಸಿದವರು ಮದೀನಾಕ್ಕೆ ಬಂದಿದ್ದ ವರ್ಷ ಪ್ರವಾದಿಯವರು(ಸ) ಈ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದಿದ್ದರು; ಮುಂದೆ ಇಟ್ಟುಕೊಳ್ಳಲು ಅನುಮತಿ ಕೊಟ್ಟರು. ಆ ಅನುಮತಿ ನಮಗೆ ಚೆನ್ನಾಗಿ ನೆನಪಿರುತ್ತದೆ, ಅದರ ಹಿಂದಿನ ಹಸಿವು ಅಷ್ಟಾಗಿ ಇರುವುದಿಲ್ಲ.

ಅಮ್ಮಿ ಯಾರನ್ನೂ ಕೇಳಲಿಲ್ಲ. ಹತ್ತು ಪೊಟ್ಟಣಗಳನ್ನು ಚೀಲಕ್ಕೆ ತುಂಬಿ ಹಿಂದಿನ ಬೀದಿಯ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಕಳಿಸಿದಳು.

ಮರುದಿನ ಹಿಮ ಕರಗಿತ್ತು. ಫ್ರೀಝರ್ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡಿದೆ. ಎಡಮೂಲೆಯಲ್ಲಿ ಸಲೀಸಾಗಿ ಜಾರಿ ಬಂತು. ಹೊರಗಿನ ತೇವ ನುಗ್ಗಿ ಹಿಮವಾದದ್ದು ಅಲ್ಲಿಂದಲೇ. ರಬ್ಬರ್ ಬದಲಿಸಬೇಕು.