ಮನೆಗೆಲ್ಲ ಪಥ್ಯ, ನನಗೆ ದೋಸೆ

ರಕ್ತದಲ್ಲಿ ಸಕ್ಕರೆ ಜಾಸ್ತಿ ಅಂತ ವರದಿ ಬಂದದ್ದು ನನಗೆ. ಶಿಕ್ಷೆ ಅನುಭವಿಸಿದ್ದು ಮನೆಮಂದಿಯೆಲ್ಲ.

ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ರೈಲಿನಲ್ಲಿ ಕೂರುವುದು, ಕಚೇರಿಯಲ್ಲಿ ಕೂರುವುದು, ಮನೆಗೆ ಬಂದು ಟೀವಿ ಮುಂದೆ ಕೂರುವುದು. ಸೀಟು ಸಿಗದ ದಿನವಷ್ಟೇ ವ್ಯಾಯಾಮ. ವೈದ್ಯರು ಸಮಾಧಾನವಾಗೇ ಹೇಳಿದ್ದರು: ಊಟ ಸ್ವಲ್ಪ ನೋಡ್ಕೊಳ್ಳಿ, ನಡೀರಿ, ಮನೆಯವರೂ ಜೊತೆಗೂಡಿದ್ರೆ ಸುಲಭ. ಆ ಕೊನೆಯ ಮಾತೊಂದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಸುದ್ದಿ ಓದಿದ್ದೆ. ನಮ್ಮ ಮನೆಯಿಂದ ಇನ್ನೊಬ್ಬರು ಆ ಲೆಕ್ಕಕ್ಕೆ ಸೇರಕೂಡದು ಎಂದು ಪಣ ತೊಟ್ಟು, ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕ್ವಿನೋವಾ, ರಾತ್ರಿ ಸೂಪು. ಮಕ್ಕಳಿಗೆ ಬಿಸ್ಕತ್ತು ಬಂದ್, ಅಮ್ಮನ ಕಾಫಿಗೆ ಬೆಲ್ಲ ಬಂದ್. ಕ್ವಿನೋವಾ ಪೊಟ್ಟಣ ಬಿಚ್ಚಿದ ಅಮ್ಮ ಅಂಗೈಯಲ್ಲಿ ನಾಲ್ಕು ಕಾಳು ಹಾಕಿಕೊಂಡು, "ಇದೇನಪ್ಪ, ಮನೇಲಿ ಗಿಳಿ ಸಾಕ್ತಿದ್ದೀಯಾ?" ಎಂದರು. ಅದರ ಬೆಲೆ ನಾನು ಹೇಳಲಿಲ್ಲ. ಅಮ್ಮನೂ ಆ ಗಿಳಿಯ ಕಾಳನ್ನು ಮುಟ್ಟಲಿಲ್ಲ.

ಭಾನುವಾರಗಳಿಗೆ ಕೋಲಾರದ ಅಂತರಗಂಗೆ ಬೆಟ್ಟ ನಿಗದಿಯಾಯಿತು. ಎಲ್ಲರನ್ನೂ ಕತ್ತಲಲ್ಲೇ ಎಬ್ಬಿಸಿ ಕಾರಿಗೆ ತುಂಬಿದೆ. ಮೆಟ್ಟಿಲು ಶುರುವಾದ ಸ್ವಲ್ಪ ಹೊತ್ತಿಗೇ ನನ್ನ ಉಸಿರು ಕಿತ್ತುಕೊಂಡಿತು. "ನೀವು ನಡೀರಿ, ನಾನು ಫೋಟೋ ತೆಗೀತೀನಿ" ಎಂದು ಕೂತುಬಿಟ್ಟೆ. ಮಂಡಿನೋವಿನ ಅಮ್ಮ ಕೈಕಂಬಿ ಹಿಡಿದು, ನನ್ನ ಕಡೆ ತಿರುಗಿಯೂ ನೋಡದೆ ಮೇಲೆ ಹೋದರು. ಬಸವನ ಬಾಯಿಂದ ಬೀಳುವ ನೀರು ಕುಡಿದು ಇಳಿದು ಬಂದಾಗಲೂ ನಾನು ಅಲ್ಲೇ ಇದ್ದೆ, ಕೋತಿಗಳ ಜೊತೆ.

ಹೆಂಡತಿಯ ತವರು ಶ್ರೀನಿವಾಸಪುರ. ಬೇಸಿಗೆಯಲ್ಲಿ ಆ ಊರಿನ ನೆಂಟರನ್ನು ಸಂಪಾದಿಸುವುದೇ ಒಂದು ಭಾಗ್ಯ. ಆ ಸಲ ಮಾವನವರು ಕಳಿಸಿದ್ದ ಬಾದಾಮಿ ಮಾವಿನಹಣ್ಣಿನ ಕ್ರೇಟನ್ನು, ನಮ್ಮ ಮನೆಯಲ್ಲಿ ಈಗ ಹಣ್ಣು ಲೆಕ್ಕಾಚಾರದ್ದು ಎಂದು ಬಂದ ಹುಡುಗನ ಕೈಯಲ್ಲೇ ವಾಪಸು ಕಳಿಸಿದೆ. ಅವರು ಏನೂ ಅನ್ನಲಿಲ್ಲ. ಬಹಳ ದಿನ ಫೋನೂ ಮಾಡಲಿಲ್ಲ. ಹೆಂಡತಿಯ ಮೌನದ ವಿಷಯ ಇಲ್ಲಿ ಬೇಡ.

ಇಷ್ಟೆಲ್ಲ ಆಗಿ ಮುಳಬಾಗಿಲಿನಲ್ಲಿ ನನ್ನ ಮಾನ ಹೋಯಿತು. ಯಾರದೋ ಮದುವೆಗೆಂದು ಒಬ್ಬನೇ ಹೋಗಿದ್ದೆ. ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬರುವುದು ಹೇಗೆ ಎಂದು ಹೋಟೆಲಿಗೆ ನುಗ್ಗಿದೆ. ಅಂಚು ಗರಿಗರಿ, ನಡುವೆ ದಪ್ಪ, ಮೇಲೆ ಸುರಿದ ತುಪ್ಪ ತಟ್ಟೆಯ ಬದಿಗೆ ಹರಿದು ನಿಂತಿತ್ತು. ಕೆಂಪು ಚಟ್ನಿಯಲ್ಲಿ ಅದ್ದಿ ಒಂದು ಮುಗಿಸಿದೆ. ಎರಡನೆಯದು ಬಂತು. ಆಗ ಬಾಗಿಲಲ್ಲಿ ಕ್ರಿಕೆಟ್ ಟೋಪಿಗಳ ಗುಂಪೊಂದು ಗದ್ದಲ ಮಾಡುತ್ತಾ ಒಳಗೆ ಬಂತು. ಶಾಲೆಯ ಪಂದ್ಯ ಮುಗಿಸಿ ಬಂದ ಹುಡುಗರು. ಅವರಲ್ಲಿ ನನ್ನ ಮಗನೂ ಇದ್ದ.

ನಾನು ತುತ್ತನ್ನು ಬಾಯಲ್ಲಿಟ್ಟುಕೊಂಡೇ ನಕ್ಕೆ. ಅವನು ನಗಲಿಲ್ಲ. ಗೆಳೆಯರಿಗೆ "ನಮ್ಮಪ್ಪ" ಎಂದು ತೋರಿಸಿ, ಹತ್ತಿರ ಬಂದು, "ನೀರು ಬೇಕಾ?" ಎಂದು ಕೇಳಿದ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟೂ ಹುಡುಗರ ಬಿಲ್ಲು ನಾನೇ ಕೊಟ್ಟೆ. ಅದು ಪ್ರೀತಿಯೋ ಲಂಚವೋ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ಅವನು ಬಾಯಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಓಟ್ಸ್ ಬಟ್ಟಲನ್ನು ನನ್ನ ಮುಂದೆಯೇ ಪಕ್ಕಕ್ಕೆ ಸರಿಸಿದ, ಅಷ್ಟೇ. ತಿನ್ನು ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಪಟ್ಟಿಯನ್ನು ನಾನೇ ಕಿತ್ತು ಹಾಕಿದೆ. ಆಗ ಹೆಂಡತಿ ಮೊದಲ ಸಲ ಬಾಯಿ ಬಿಟ್ಟಳು: "ಅದರಲ್ಲಿ ಏನೇನು ತಿನ್ನಬೇಕು ಅಂತ ಇತ್ತು. ಯಾರು ಮಾಡಬೇಕು ಅಂತ ಇರಲಿಲ್ಲ." ಹೌದು. ಮಕ್ಕಳಿಗೊಂದು, ಅಮ್ಮನಿಗೊಂದು, ನನಗೊಂದು ಎಂದು ಮೂರು ಒಲೆ ಹೊತ್ತಿಸಿದವಳು ಅವಳು. ನಾನು ತನಿಖಾಧಿಕಾರಿಯ ಹಾಗೆ ಬಂದು ಮುಚ್ಚಳ ತೆಗೆದು ನೋಡುತ್ತಿದ್ದೆ.

ಅಮ್ಮನ ವಾದ ಸರಳ: ನಾವು ಮುದ್ದೆ ತಿಂದು ಗಟ್ಟಿಯಾಗಿರಲಿಲ್ಲವೇ? ಅದೂ ಅರ್ಧ ಸತ್ಯ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರ ಬಹುಪಾಲು ಪಿಷ್ಟವೇ. ಎರಡು ಮುದ್ದೆ ನುಂಗಿ ಹೊಲ ಅಗೆಯಲು ಹೋದ ಅಜ್ಜನ ಲೆಕ್ಕ, ಎರಡು ಮುದ್ದೆ ನುಂಗಿ ಸೋಫಾಕ್ಕೆ ಹೋಗುವ ನನಗೆ ಹೊಂದುವುದಿಲ್ಲ. ಹಾಗಾಗಿ ಮುದ್ದೆ ಚಿಕ್ಕದಾಯಿತು, ಸೊಪ್ಪು ಕಾಳು ಹೆಚ್ಚಾದವು. ಬಸ್ಸಾರು, ಮಸ್ಸೊಪ್ಪು, ಹುರಳಿಕಾಳು, ಅವರೆ ಕಾಲದಲ್ಲಿ ಹಿತಕಿದ ಬೇಳೆ. ಎಲ್ಲರಿಗೂ ಒಂದೇ ಅಡುಗೆ.

ಮುದ್ದೆ ತಿರುವುವ ಕೆಲಸ ನನಗೆ ಬಂತು. ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು, ಕುದಿಯುವ ಹಿಟ್ಟನ್ನು ಗಂಟಾಗದಂತೆ ಕೋಲಿನಲ್ಲಿ ತಿರುವಿ ನೋಡಿ, ಜಿಮ್ಮಿಗೆ ದುಡ್ಡು ಕಟ್ಟುವವರ ಮೇಲೆ ಕನಿಕರ ಹುಟ್ಟುತ್ತದೆ. ಮೊದಮೊದಲ ಗಂಟುಗಳನ್ನು ಮಕ್ಕಳು ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಸ್ಟೇಷನ್ನಿಗೆ ಬೈಕ್ ಬಿಟ್ಟು ನಡೆಯತೊಡಗಿದೆ. ರಾತ್ರಿ ಊಟವಾದ ಮೇಲೆ ಬೀದಿ ಸುತ್ತಲು ಹೊರಟರೆ ಮಗಳು ಬರುತ್ತಾಳೆ, ಒಮ್ಮೊಮ್ಮೆ ಅಮ್ಮನೂ. ಮಗ ಇನ್ನೂ ಬರುವುದಿಲ್ಲ. ಕರೆಯುವುದನ್ನು ಬಿಟ್ಟಿದ್ದೇನೆ.

ಶ್ರೀನಿವಾಸಪುರಕ್ಕೆ ಹೋಗಿ ಮಾವನವರ ಮುಂದೆ ಕೂತು ಒಂದು ಹಣ್ಣು ತಿಂದು ಬಂದೆ. ಸಕ್ಕರೆ ತುಸು ಇಳಿದಿದೆ, ಮಾತ್ರೆ ನಿಂತಿಲ್ಲ. ಹೊಟ್ಟೆ ಬೆಲ್ಟಿನ ಮೇಲೆ ಇನ್ನೂ ಕೂತೇ ಇದೆ. ನಿಮಗೂ ಮನೆಮಂದಿಯ ಊಟಕ್ಕೆ ಪಟ್ಟಿ ಬರೆಯಲು ಕೈ ತುರಿಸುತ್ತಿದ್ದರೆ, ದಯವಿಟ್ಟು ಪೆನ್ನು ಕೆಳಗಿಟ್ಟು ಮೊದಲು ಒಂದು ವಾರ ಆ ಮನೆಯ ಅಡುಗೆ ಮಾಡಿ ನೋಡಿ.