ಎದ್ದರೆ ಎದ್ದಿತು

ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಎಲ್ಲೋ ಮರ ಬಿದ್ದಿರುತ್ತದೆ, ಕಂಬ ವಾಲಿರುತ್ತದೆ, ಲೈನ್‌ಮನ್ ಇನ್ಯಾವುದೋ ಹಳ್ಳಿಯಲ್ಲಿ ನೆನೆಯುತ್ತ ನಿಂತಿರುತ್ತಾನೆ. ಪುಸ್ತಕಗಳಿಗೆ ಪುಟವಿನ್ಯಾಸ ಮಾಡಿಕೊಟ್ಟು ಮನೆಯಲ್ಲೇ ಕೂತು ದುಡಿಯುವ ನನಗೆ ಲ್ಯಾಪ್‌ಟಾಪಿನ ಬ್ಯಾಟರಿ ಉಳಿದಷ್ಟು ಹೊತ್ತೇ ಕೂಲಿ. ಊಟಕ್ಕೆ ಏಳುವಾಗ ಮುಚ್ಚಳ ಮುಚ್ಚಬೇಕು, ಕೈತೊಳೆದು ಬಂದು ತೆರೆದರೆ ಬಿಟ್ಟ ಪುಟ ಬಿಟ್ಟ ಸಾಲಿನಲ್ಲೇ ಇರಬೇಕು, ಬ್ಯಾಟರಿಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಇದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ. ಇಷ್ಟನ್ನು ಪಡೆಯಲು ಒಂದು ಮಳೆಗಾಲ ಪೂರ್ತಿ ಗುದ್ದಾಡಬೇಕಾಯಿತು.

ಲಿನಕ್ಸ್ ನನಗೆ ಹೊಸದಲ್ಲ. ಸ್ಕ್ರೈಬಸ್, ಲಿಬ್ರೆ ಆಫೀಸ್ ಎರಡರಲ್ಲೇ ನನ್ನ ಅನ್ನ ಬೇಯುತ್ತದೆ. ಹಳೆಯ ಯಂತ್ರ ಮುಚ್ಚಿದರೆ ಮಲಗುತ್ತಿತ್ತು, ತೆರೆದರೆ ಏಳುತ್ತಿತ್ತು. ಅದರಲ್ಲಿ ಯೋಚಿಸುವಂಥದ್ದೇನೋ ಇದೆ ಎಂದೇ ಅನ್ನಿಸಿರಲಿಲ್ಲ. ಅದು ಕೈಕೊಟ್ಟ ಮೇಲೆ ಬಂದ ಯಂತ್ರದಲ್ಲಿ ತೊಂದರೆ ಶುರು.

ಮೊದಲು ಗೊತ್ತಾದದ್ದು ಬಸ್ಸಿನಲ್ಲಿ. ಪ್ರಕಾಶಕರಿಗೆ ಕರಡು ತೋರಿಸಲು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದ್ದೆ. ತರೀಕೆರೆ ದಾಟುವಷ್ಟರಲ್ಲಿ ತೊಡೆ ಸುಡತೊಡಗಿತು. ಬ್ಯಾಗಿನೊಳಗೆ, ಮುಚ್ಚಿದ ಲ್ಯಾಪ್‌ಟಾಪಿನ ಫ್ಯಾನು ಗುಂಯ್ ಎನ್ನುತ್ತಿತ್ತು. ತೆಗೆದು ಆರಲು ಬಿಟ್ಟೆ, ಮತ್ತೆ ಮುಚ್ಚಿದೆ, ಮತ್ತೆ ಬಿಸಿಯಾಯಿತು. ತುಮಕೂರಿನ ಹೊತ್ತಿಗೆ ಬ್ಯಾಟರಿ ಖಾಲಿ. ಪ್ರಕಾಶಕರ ಕಚೇರಿಯಲ್ಲಿ ಪ್ಲಗ್ ಪಾಯಿಂಟ್ ಹುಡುಕಿಕೊಂಡು ಮೂಲೆಯಲ್ಲಿ ಕೂತದ್ದು ಬೇರೆ.

ಅಕ್ಕನ ಮಗ ಬೆಂಗಳೂರಿನಲ್ಲೇ ಇದ್ದಾನೆ. ಕಾರುಗಳ ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಪ್ರೋಗ್ರಾಂ ಬರೆಯುವ ಕೆಲಸ. ಸಂಜೆ ಅವನ ರೂಮಿಗೆ ಹೋಗಿ ಹೇಳಿಕೊಂಡೆ.

“ಮಾವ, ಅದು ಮಲಗೇ ಇಲ್ಲ. ಕಣ್ಣು ಮುಚ್ಕೊಂಡು ಕೂತಿದೆ ಅಷ್ಟೆ,” ಅಂದ.

ಅವನು ಹೇಳಿದ್ದರ ಸಾರ ಇಷ್ಟು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ನಿಯಮಾವಳಿ ಹೊರಡಿಸಿದವು. ಅದರಲ್ಲಿ ನಿದ್ದೆಗೆ ದರ್ಜೆಗಳಿವೆ. ಎಸ್3 ಎಂದರೆ ರ‍್ಯಾಮಿಗೆ ಮಾತ್ರ ವಿದ್ಯುತ್ತು, ಉಳಿದದ್ದೆಲ್ಲ ಬಹುಪಾಲು ಬಂದ್. ಎಸ್4 ಎಂದರೆ ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಹೋಗುವುದು. ಹಳೆಯ ಲ್ಯಾಪ್‌ಟಾಪುಗಳು ಮುಚ್ಚಿದರೆ ಎಸ್3ಗೆ ಇಳಿಯುತ್ತಿದ್ದವು, ಇಳಿಸುವ ಹೊಣೆ ಬಯಾಸ್‌ನದು. ಆಮೇಲೆ ಲ್ಯಾಪ್‌ಟಾಪು ಮೊಬೈಲಿನಂತೆ ತಟ್ಟನೆ ಏಳಬೇಕು, ಮಲಗಿದ್ದಾಗಲೂ ಮೇಲ್ ಬರುತ್ತಿರಬೇಕು ಎಂಬ ಆಸೆ ಹುಟ್ಟಿತು. 2012ರ ವಿಂಡೋಸ್ 8ರಲ್ಲಿ, ಮತ್ತೆ 2015ರ ವಿಂಡೋಸ್ 10ರಲ್ಲಿ ಆ ದಾರಿ ಗಟ್ಟಿಯಾಯಿತು, ತಯಾರಕರೂ ಅದೇ ದಾರಿ ಹಿಡಿದರು. ಲಿನಕ್ಸಿನಲ್ಲಿ ಇದಕ್ಕೆ ಸಮಾನವಾದದ್ದು ಎಸ್‌ಟುಐಡಲ್. ಇದರಲ್ಲಿ ಬಯಾಸ್ ಏನನ್ನೂ ಆರಿಸುವುದಿಲ್ಲ. ಪ್ರೋಗ್ರಾಂಗಳನ್ನು ನಿಲ್ಲಿಸಿ, ಒಂದೊಂದು ಸಾಧನವನ್ನೂ ಕಡಿಮೆ ವಿದ್ಯುತ್ತಿಗೆ ಇಳಿಸಿ, ಪ್ರೊಸೆಸರ್ ತಾನಾಗಿ ತಳಕ್ಕೆ ಇಳಿಯಲಿ ಎಂದು ಕಾಯುವುದು. ಒಂದೇ ಒಂದು ಸಾಧನ ಹಟ ಹಿಡಿದರೂ ಪ್ರೊಸೆಸರ್ ತಳ ಮುಟ್ಟುವುದಿಲ್ಲ. ಪರದೆ ಕಪ್ಪಾಗಿರುತ್ತದೆ, ನೋಡುವವರಿಗೆ ಮಲಗಿದಂತೆಯೇ ಕಾಣುತ್ತದೆ.

ತಳ ಮುಟ್ಟಿತೇ ಇಲ್ಲವೇ ಎಂದು ಲೆಕ್ಕ ಇಡುವ ಒಂದು ಫೈಲು ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೆ ಇರುತ್ತದೆ. ಮುಚ್ಚುವ ಮುಂಚೆ ಓದಿದೆವು: ಸೊನ್ನೆ. ಒಂದಿಷ್ಟು ಹೊತ್ತು ಮುಚ್ಚಿಟ್ಟು ತೆರೆದು ಓದಿದೆವು: ಸೊನ್ನೆ. ಒಂದು ಮೈಕ್ರೋಸೆಕೆಂಡು ಕೂಡ ಅದು ಮಲಗಿರಲಿಲ್ಲ.

“ನಿಮ್ಮ ಪುಣ್ಯ, ಇದರಲ್ಲಿ ಹಳೇ ನಿದ್ದೆನೂ ಇದೆ,” ಎಂದು ಇನ್ನೊಂದು ಫೈಲು ತೆರೆದು ತೋರಿಸಿದ. ಮೆಮ್‌ಸ್ಲೀಪ್ ಎಂದು ಅದರ ಹೆಸರು, ಒಳಗೆ ಎರಡೇ ಪದ: ಎಸ್‌ಟುಐಡಲ್, ಡೀಪ್. ಯಾವುದು ಜಾರಿಯಲ್ಲಿದೆಯೋ ಅದರ ಸುತ್ತ ಚೌಕದ ಕಂಸ. ಡೀಪ್ ಎಂದರೆ ಎಸ್3. ಲಿನಕ್ಸನ್ನು ಹಚ್ಚಿಕೊಡುವ ಗ್ರಬ್‌ನಲ್ಲಿ ಒಂದು ಪದ ಸೇರಿಸಿ ಕಂಸವನ್ನು ಆ ಕಡೆ ಸರಿಸಿದೆವು. ಊರಿಗೆ ಮರಳುವ ಬಸ್ಸಿನಲ್ಲಿ ಬ್ಯಾಗು ತಣ್ಣಗಿತ್ತು. ಮನೆಗೆ ಬಂದು ತೆರೆದಾಗ ಬ್ಯಾಟರಿ ಕೆಲವೇ ಶೇಕಡಾ ಇಳಿದಿತ್ತು.

ನಿಜವಾದ ಸಂಕಟ ಶುರುವಾದದ್ದು ಇದಾದ ಮೇಲೆ. ಒಂದು ಮಧ್ಯಾಹ್ನ ಮುಚ್ಚಳ ತೆರೆದರೆ ಪರದೆ ಬೆಳಗಲಿಲ್ಲ. ಪವರ್ ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತುವುದಿಲ್ಲ. ಈ ಕೊನೆಯದು ಕೆಟ್ಟ ಲಕ್ಷಣ. ಪರದೆಯಷ್ಟೇ ಕೈಕೊಟ್ಟಿದ್ದರೆ ಒಳಗೆ ಯಂತ್ರ ಬದುಕಿದೆ ಎಂಬ ಆಸೆಯಾದರೂ ಇರುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದು ಆರಿಸುವುದೊಂದೇ ದಾರಿ. ಆರಿಸಿದೆ. ಬೆಳಗ್ಗೆಯಿಂದ ಜೋಡಿಸುತ್ತಿದ್ದ ಪದಸೂಚಿಯ ದೊಡ್ಡ ಭಾಗ ಹೋಯಿತು.

ಪ್ರತಿಸಲ ಹೀಗಾಗಿದ್ದರೆ ಸುಲಭವಿತ್ತು, ಆ ನಿದ್ದೆಯನ್ನೇ ಬಿಟ್ಟುಬಿಡುತ್ತಿದ್ದೆ. ಇದು ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಎರಡು ದಿನ ಜಾಣ ಹುಡುಗನಾಗಿ ಎದ್ದು, ಮೂರನೆಯ ದಿನ ಕರೆಂಟಿಲ್ಲದ ಹೊತ್ತು ನೋಡಿಕೊಂಡು ಕೈಕೊಡುತ್ತಿತ್ತು. ಹೆಚ್ಚು ಹೊತ್ತು ಮುಚ್ಚಿಟ್ಟರೆ ಏಳುವುದು ಕಷ್ಟ ಎಂದು ಒಮ್ಮೆ ಅನ್ನಿಸಿತು, ಮರುದಿನವೇ ಅದು ಸುಳ್ಳಾಯಿತು. ಮುಚ್ಚಳಕ್ಕೆ ಕೈ ಹಾಕುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಊಟಕ್ಕೆ ಕೂತರೂ ಯಂತ್ರ ತೆರೆದೇ ಇರುತ್ತಿತ್ತು, ಬ್ಯಾಟರಿ ಸುಮ್ಮನೆ ಸೋರುತ್ತಿತ್ತು. “ರೀ, ಒಂದು ಮುಚ್ಚಳ ಮುಚ್ಚೋಕೆ ಇಷ್ಟು ಹೆದರೋದಾ?” ಎಂದು ಹೆಂಡತಿ ನಕ್ಕಳು. ಆ ನಗೆಗೆ ನನಗೆ ಸಿಟ್ಟು ಬಂತು. ಪುಸ್ತಕ ಬಿಡುಗಡೆಯ ಆಮಂತ್ರಣ ಪತ್ರಿಕೆ ಅಚ್ಚಾಗಿ ಹಂಚಿಕೆಯಾಗಿತ್ತು. ಪುಸ್ತಕ ಮಾತ್ರ ಇನ್ನೂ ನನ್ನ ಯಂತ್ರದಲ್ಲೇ ಇತ್ತು.

ಸಲಹೆಗೆ ಬರವಿರಲಿಲ್ಲ. ಬಯಾಸ್ ಅಪ್‌ಡೇಟ್ ಮಾಡಿ, ಗ್ರಾಫಿಕ್ಸ್‌ಗೆ ಈ ಪದ ಸೇರಿಸಿ, ವೈಫೈ ತೆಗೆದುಬಿಡಿ, ಹಳೆಯ ಕರ್ನಲ್ ಹಾಕಿ. ಯಾರದೋ ಯಂತ್ರದಲ್ಲಿ ಯಾವುದೋ ಕಾಯಿಲೆಗೆ ನಾಟಿದ ಮದ್ದನ್ನು ಕಾಯಿಲೆ ಯಾವುದೆಂದು ಕೇಳದೆ ಹಂಚುವವರ ಬಗ್ಗೆ ನನಗೆ ಅಂದಿನಿಂದ ಒಳ್ಳೆಯ ಅಭಿಪ್ರಾಯವಿಲ್ಲ. ಕೆಲವನ್ನು ಮಾಡಿ ನೋಡಿದೆ. ಆಗೊಮ್ಮೆ ಈಗೊಮ್ಮೆ ಬರುವ ತೊಂದರೆಗೆ ಮದ್ದು ನಾಟಿತೇ ಎಂದು ತಿಳಿಯುವುದೇ ಹೇಗೆ? ಎರಡು ದಿನ ಸರಿಯಿದ್ದರೆ ಹಬ್ಬ, ಮೂರನೆಯ ದಿನ ಮತ್ತೆ ಸೂತಕ. ಎಸ್4 ನಿದ್ದೆಗೆ, ಅಂದರೆ ಹೈಬರ್ನೇಟ್‌ಗೆ, ಹೋಗೋಣವೆಂದರೆ ಸೆಕ್ಯೂರ್ ಬೂಟ್ ಇರುವ ತನಕ ನನ್ನ ಕರ್ನಲ್ ಅದಕ್ಕೆ ಒಪ್ಪುವುದಿಲ್ಲ. ಆ ಕಾವಲನ್ನು ತೆಗೆಯಲು ನನಗೂ ಮನಸ್ಸಿರಲಿಲ್ಲ.

ಬಳಲಿಸಿದ್ದು ಮುಖ್ಯವಾಗಿ ಒಂದು ಸಂಗತಿ: ಸಾಕ್ಷಿಯೇ ಸಿಗುತ್ತಿರಲಿಲ್ಲ. ಬೇರೆ ಯಾವ ತೊಂದರೆಯಾದರೂ ಲಿನಕ್ಸ್ ಎಲ್ಲೋ ಒಂದು ಸಾಲು ಬರೆದಿಟ್ಟಿರುತ್ತದೆ. ಇಲ್ಲಿ ಲಾಗ್ ತೆಗೆದರೆ ಕೊನೆಯ ಸಾಲು ಸಸ್ಪೆಂಡ್ ಎಂಟ್ರಿ, ಡೀಪ್. ಅಲ್ಲಿಗೆ ಮುಗಿಯಿತು. ಮುಂದಿನದು ನಾನು ಬಟನ್ ಒತ್ತಿ ಹೊಸದಾಗಿ ಹಚ್ಚಿದ ಮೇಲಿನದು. ನಡುವೆ ಏನಾಯಿತೋ ಬರೆಯಲು ಡಿಸ್ಕ್ ಇನ್ನೂ ಎದ್ದಿಲ್ಲ, ತೋರಿಸಲು ಪರದೆ ಎದ್ದಿಲ್ಲ, ಕಳಿಸಲು ನೆಟ್‌ವರ್ಕ್ ಎದ್ದಿಲ್ಲ.

ಅಳಿಯ ಫೋನಿನಲ್ಲಿ ಹೇಳಿಕೊಟ್ಟಂತೆ ಮೊದಲು ಅಣಕು ನಿದ್ದೆ ಮಾಡಿಸಿದೆ. ಪಿಎಂ ಟೆಸ್ಟ್ ಎಂದು ಅದರ ಹೆಸರು. ನಿದ್ದೆಗೆ ಇಳಿಯುವ ಮೆಟ್ಟಿಲುಗಳಲ್ಲಿ ನಾವು ಹೇಳಿದ ಕಡೆ ಕರ್ನಲ್ ನಿಂತು, 5 ಸೆಕೆಂಡು ಕಾದು, ತಾನೇ ಮೇಲೆ ಬರುತ್ತದೆ. ಮೊದಲ ಮೆಟ್ಟಿಲಲ್ಲಿ ಪ್ರೋಗ್ರಾಂಗಳು ಮಾತ್ರ ನಿಲ್ಲುತ್ತವೆ, ಆಮೇಲೆ ಸಾಧನಗಳು, ಆಮೇಲೆ ಪ್ಲಾಟ್‌ಫಾರಂ, ಪ್ರೊಸೆಸರ್‌ಗಳು, ಕೊನೆಗೆ ಕೋರ್. ಯಾವ ಮೆಟ್ಟಿಲಲ್ಲಿ ಎಡವುತ್ತದೋ ನೋಡಬೇಕು. ನನ್ನದು ಎಲ್ಲೂ ಎಡವಲಿಲ್ಲ. ಎಲ್ಲ ಮೆಟ್ಟಿಲೂ ಇಳಿದು ಹತ್ತಿ ಬಂದು ಪರದೆ ಬೆಳಗಿ ನಿಂತಾಗ ನನಗೆ ಅಳು ಬರುವುದೊಂದು ಬಾಕಿ.

“ಒಳ್ಳೇದೇ ಆಯ್ತಲ್ಲ ಮಾವ,” ಅಂದ ಅವನು. “ಅಣಕಿನಲ್ಲಿ ಯಾವುದರ ಕರೆಂಟೂ ನಿಜವಾಗಿ ಹೋಗಲ್ಲ. ನಿಜವಾಗಿ ಕರೆಂಟ್ ಹೋಗಿ ಬಂದಾಗ ಯಾವುದೋ ಒಂದು ಸಾಧನ ತಲೆಕೆಡಿಸಿಕೊಳ್ತಿದೆ. ಯಾವುದು ಅಂತ ಗಡಿಯಾರಾನ ಕೇಳೋಣ.”

ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಮಾಷೆಯಲ್ಲ. 2006ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರೇ ಬರೆದು ಕರ್ನಲ್‌ಗೆ ಸೇರಿಸಿದ ಉಪಾಯವಿದು, ಪಿಎಂ ಟ್ರೇಸ್. ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೆ ರ‍್ಯಾಮಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಅಳಿಯದೆ ಉಳಿಯುವುದೆಂದು ನೆಚ್ಚಬಹುದಾದದ್ದು ಮದರ್‌ಬೋರ್ಡಿನ ಗಡಿಯಾರ. ಹಾಗಾಗಿ ಕರ್ನಲ್ ಏಳುತ್ತಾ ಒಂದೊಂದು ಸಾಧನವನ್ನು ಎಬ್ಬಿಸುವ ಮುನ್ನ ಆ ಸಾಧನದ ಹೆಸರನ್ನು ಒಂದು ಸಂಖ್ಯೆಯಾಗಿಸಿ, ಆ ಸಂಖ್ಯೆಯನ್ನು ಇಸವಿ, ತಿಂಗಳು, ದಿನ, ಗಂಟೆ, ನಿಮಿಷವಾಗಿ ಒಡೆದು ಗಡಿಯಾರದಲ್ಲಿ ಬರೆಯುತ್ತದೆ. ಮುಂದಿನ ಸಾಧನ ಬಂದಾಗ ಅದರ ಮೇಲೆಯೇ ಹೊಸದು. ಯಾವುದನ್ನು ಎಬ್ಬಿಸಲು ಹೋಗಿ ಯಂತ್ರ ಸತ್ತಿತೋ ಅದರ ಗುರುತು ಗಡಿಯಾರದಲ್ಲಿ ನಿಂತುಬಿಡುತ್ತದೆ. ಹೊಸದಾಗಿ ಹಚ್ಚಿದಾಗ ಕರ್ನಲ್ ಗಡಿಯಾರ ಓದಿ ಆ ಸಂಖ್ಯೆ ಯಾರದು ಎಂದು ಹೊಂದಿಸಿ ನೋಡುತ್ತದೆ. ಒಂದೇ ಷರತ್ತು: ಗಡಿಯಾರ ಸುಮ್ಮನಿರುವುದಿಲ್ಲವಲ್ಲ, ಅದು ಓಡುತ್ತಲೇ ಇರುತ್ತದೆ. ನಿಮಿಷಗಳನ್ನು ಮೂರುಮೂರರ ಅಂತರದಲ್ಲಿ ಬರೆಯುವುದರಿಂದ 3 ನಿಮಿಷದೊಳಗೆ ಆರಿಸಿ ಹಚ್ಚಿಬಿಡಬೇಕು, ತಡವಾದರೆ ಸಾಕ್ಷಿ ಕೆಡುತ್ತದೆ.

ಇಷ್ಟು ಕೆಟ್ಟ ಉಪಾಯವನ್ನು ಇಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಿಎಂ ಟ್ರೇಸ್ ಹಚ್ಚಿದ ಮೇಲೆ ಪರಿಸ್ಥಿತಿ ತಿರುಗಿತು. ಯಂತ್ರ ಏಳದಿರಲಿ ಎಂದು ಹಾರೈಸುತ್ತಾ ಮುಚ್ಚುತ್ತಿದ್ದೆ, ಅದು ಹಾಳಾದ್ದು ಪ್ರತಿಸಲ ಏಳುತ್ತಿತ್ತು. ಪ್ರತಿ ಏಳುವಿಕೆಯಲ್ಲೂ ಗಡಿಯಾರ ಕೆಟ್ಟು ಇಸವಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಮ್ಮೆ 2061ಕ್ಕೆ ಹೋಗಿತ್ತು. ಬ್ಯಾಂಕಿನ ಪುಟ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂದಿತು. 2061ರಲ್ಲಿ ನಿಂತು ನೋಡುವವನಿಗೆ ಬ್ಯಾಂಕಿನ ಪ್ರಮಾಣಪತ್ರದ ಅವಧಿ ಮುಗಿದು ಕಾಲವಾಗಿರುತ್ತದೆ, ಅದರ ತಪ್ಪೇನಿಲ್ಲ. ಆ ಹೊತ್ತಿನಲ್ಲಿ ಉಳಿಸಿದ ಒಂದು ಅಧ್ಯಾಯ ಫೋಲ್ಡರಿನಲ್ಲಿ ಬಹಳ ದಿನ ಎಲ್ಲಕ್ಕಿಂತ ಹೊಸ ಫೈಲಾಗಿ ತುದಿಯಲ್ಲಿ ಕೂತಿತ್ತು.

ಕೊನೆಗೂ ಒಂದು ರಾತ್ರಿ ಕಪ್ಪು ಪರದೆ ಬಂತು. ಬಟನ್ ಒತ್ತಿ ಹಿಡಿದೆ, ಹಚ್ಚಿದೆ, ಕರ್ನಲ್‌ನ ಸಂದೇಶಗಳನ್ನು ತೆಗೆದೆ. ಮ್ಯಾಜಿಕ್ ನಂಬರ್ ಎಂದು ಶುರುವಾಗುವ ಒಂದು ಸಾಲು, ಅದರ ಕೆಳಗೆ ಒಂದು ಪಿಸಿಐ ವಿಳಾಸ. ಬೇರೆ ಬೇರೆ ಸಾಧನಗಳಿಗೆ ಒಂದೇ ಸಂಖ್ಯೆ ಬಂದುಬಿಡಬಹುದು, ಒಂದು ಸಾಕ್ಷಿಯನ್ನು ನಂಬಬೇಡಿ ಎಂದು ಅಳಿಯ ಎಚ್ಚರಿಸಿದ್ದ. ಇನ್ನೊಂದು ಸಾವಿಗೆ ಕಾದೆ. ಅದೂ ಬಂತು, ಅದೇ ವಿಳಾಸ. ಆ ವಿಳಾಸದಲ್ಲಿ ಯಾರಿದ್ದಾರೆ ಎಂದು ನೋಡಿದರೆ ಮೆಮರಿ ಕಾರ್ಡ್ ರೀಡರ್. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಸಣ್ಣ ಸಂದು. ಕೊಂಡಾಗಿನಿಂದ ನಾನು ಅದರೊಳಗೆ ಒಂದು ಕಾರ್ಡೂ ತೂರಿಸಿರಲಿಲ್ಲ. ಗ್ರಾಫಿಕ್ಸ್, ವೈಫೈ, ಬಯಾಸ್ ಎಂದು ದೊಡ್ಡ ದೊಡ್ಡವರ ಮೇಲೆಲ್ಲ ಅನುಮಾನ ಪಟ್ಟಿದ್ದೆ.

ಅದರ ಡ್ರೈವರ್ ಲೋಡ್ ಆಗದಂತೆ ಒಂದು ಸಾಲು ಬರೆದೆ. ಪಿಎಂ ಟ್ರೇಸ್ ಆರಿಸಿದೆ. ಆಮೇಲೆ ಏಳುವುದು ತಪ್ಪಲಿಲ್ಲ. ಮೌಸಿನ ಯುಎಸ್‌ಬಿ ತುಂಡು ಚುಚ್ಚಿದ್ದರೆ ಮೇಜು ಅಲುಗಿದರೂ ಎದ್ದು ಕೂರುವ ಇನ್ನೊಂದು ಚಟ ಇತ್ತು. ಯಾರು ಯಾರು ಎಬ್ಬಿಸಬಹುದು ಎಂಬ ಪಟ್ಟಿಯಿಂದ ಯುಎಸ್‌ಬಿಯನ್ನು ತೆಗೆದ ಮೇಲೆ ಅದೂ ಹೋಯಿತು. ಆ ಪಟ್ಟಿ ಯಂತ್ರ ಆರಿಸಿ ಹಚ್ಚಿದಾಗಲೆಲ್ಲ ಮೊದಲಿನಂತಾಗುತ್ತದೆ, ಹಚ್ಚಿದೊಡನೆ ತಾನೇ ಸರಿಪಡಿಸಿಕೊಳ್ಳುವಂತೆ ಒಂದು ಸಣ್ಣ ಸರ್ವಿಸ್ ಬರೆದಿಡಬೇಕಾಯಿತು. ಆದರೂ ಮುಚ್ಚುವ ಮುನ್ನ ಎಲ್ಲ ಉಳಿಸಿ, ಇನ್ನೊಮ್ಮೆ ಉಳಿಸಿ, ಪೆನ್‌ಡ್ರೈವಿಗೂ ಹಾಕಿ ಮುಚ್ಚುವ ಅಭ್ಯಾಸ ಹೋಗಲಿಲ್ಲ.

ಪುಸ್ತಕ ಬಿಡುಗಡೆಯ ಹೊತ್ತಿಗೆ ಅಚ್ಚಾಗಿ ಬಂತು, ಪದಸೂಚಿ ಇಲ್ಲದೆ. ಎರಡನೆಯ ಮುದ್ರಣಕ್ಕೆ ಸೇರಿಸೋಣ ಎಂದು ಪ್ರಕಾಶಕರು ಸಮಾಧಾನ ಹೇಳಿದರು. ಕನ್ನಡದಲ್ಲಿ ಅಂಥ ಪುಸ್ತಕಕ್ಕೆ ಎರಡನೆಯ ಮುದ್ರಣ ಎಷ್ಟು ಸುಲಭವೋ ಲೇಖಕರಿಗೂ ಗೊತ್ತು, ನನಗೂ ಗೊತ್ತು.

ದೀಪಾವಳಿಗೆ ಬಂದ ಅಳಿಯ ತನ್ನ ಹೊಸ ಲ್ಯಾಪ್‌ಟಾಪು ತಂದಿದ್ದ. ನಾನೇ ಕೇಳಿ ತೆಗೆಸಿ ಮೆಮ್‌ಸ್ಲೀಪ್ ಫೈಲು ನೋಡಿದೆ. ಅದರಲ್ಲಿ ಒಂದೇ ಪದ, ಕಂಸದೊಳಗೆ: ಎಸ್‌ಟುಐಡಲ್. ಡೀಪ್ ಎಂಬುದೇ ಇಲ್ಲ. ಈಗ ಬರುವ ಬಹಳಷ್ಟು ಯಂತ್ರಗಳಲ್ಲಿ ಎಸ್3 ಅನ್ನು ತಯಾರಕರೇ ತೆಗೆದಿದ್ದಾರೆ, ಸೇರಿಸೋಣವೆಂದರೆ ಬಯಾಸ್‌ನಲ್ಲಿ ಅವಕಾಶವಿಲ್ಲ. “ಇದು ಚೆನ್ನಾಗೇ ಮಲಗುತ್ತೆ ಮಾವ, ಲೆಕ್ಕ ನೋಡಿದ್ದೀನಿ,” ಅಂದ. ಅವನದು ಮಲಗಬಹುದು. ನಾನು ಕೊಳ್ಳುವುದು ಮಲಗುತ್ತದೆಯೇ ಎಂದು ಕೊಳ್ಳುವ ಮುಂಚೆ ತಿಳಿಯಬೇಕಾದರೆ, ಅಂಗಡಿಯಲ್ಲಿ ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಿ, ಮುಚ್ಚಳ ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆರೆದು, ಆ ಸೊನ್ನೆ ಬದಲಾಯಿತೇ ಎಂದು ನೋಡಬೇಕು. ನಮ್ಮೂರಿನ ಅಂಗಡಿಯವರನ್ನು ಕೇಳಿದೆ. ಸೀಲು ಒಡೆದರೆ ವಾಪಸ್ ಇಲ್ಲ ಸಾರ್, ಅಂದರು.